ನೆಕ್ಕಾರ್ ದಂಡೆಯಲ್ಲಿ ಒಂದು ಆಗಸ್ಟ್: ಹೈಡೆಲ್‌ಬರ್ಗ್‌ಗೆ ಬೇಸಿಗೆ ಕೋರ್ಸಿಗೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಗಳೂರಿನವಳು. ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಾಗ ಒಂದು ಆಗಸ್ಟ್ ತಿಂಗಳಿಡೀ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿದ್ದು ಜರ್ಮನ್ ಕಲಿತು ಬಂದೆ. ಬಂದ ದಿನದಿಂದ ಜೂನಿಯರ್‌ಗಳು, ಅವರ ಅಪ್ಪ ಅಮ್ಮಂದಿರು, ಪರಿಚಯದವರ ಪರಿಚಯದವರು ಫೋನ್ ಮಾಡಿ ವಿಚಾರಿಸುತ್ತಲೇ ಇದ್ದಾರೆ. ಕೇಳುವುದು ಹೆಚ್ಚುಕಡಿಮೆ ಅದನ್ನೇ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ದರ, ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ಹಣ ಕಟ್ಟುವ ಮುಂಚೆ ಅಧಿಕೃತ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

ಜರ್ಮನ್ ಕಲಿಯಲು ಅಷ್ಟು ದೂರ ಯಾಕೆ? ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ ಸಾಲದೇ?

ಶುರು ಮಾಡಲು ಬೆಂಗಳೂರೇ ಸಾಕು. ನಾನೂ ಮೊದಲ ಎರಡು ಹಂತಗಳನ್ನು ಇಲ್ಲಿಯೇ ಕಲಿತೆ. ನೀವೂ ಹಾಗೇ ಮಾಡಿ ಎಂದು ಒತ್ತಿ ಹೇಳುತ್ತೇನೆ. ಅಕ್ಷರವೂ ಗೊತ್ತಿಲ್ಲದೆ ಅಲ್ಲಿಗೆ ಹೋದರೆ ಇರುವ ನಾಲ್ಕು ವಾರ "ನನ್ನ ಹೆಸರು ಇದು, ನನ್ನ ಊರು ಅದು" ಎನ್ನುವುದರಲ್ಲೇ ಕಳೆದುಹೋಗುತ್ತದೆ.

ನನಗೆ ಹೋಗಲು ಬೇರೆ ಕಾರಣವೂ ಇತ್ತು. ನಮ್ಮ ಅಜ್ಜಿಮನೆಯ ಮಾಡಿನ ಹೆಂಚುಗಳ ಮೇಲೆ ಬಾಸೆಲ್ ಮಿಷನ್ ಎಂದು ಒತ್ತಿದ ಅಕ್ಷರಗಳಿವೆ. ಅದು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನರಿಗಳ ಸಂಸ್ಥೆ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಆ ಹೆಂಚಿನ ಕಾರ್ಖಾನೆ ಶುರು ಮಾಡಿದವರು, ಬಲ್ಮಠದಲ್ಲಿ ಅಚ್ಚುಕೂಟ ನಡೆಸಿದವರು, ಶಾಲೆ ತೆರೆದವರು ಊರಿಗೆ ಬರೆದ ಪತ್ರ, ವರದಿಗಳೆಲ್ಲ ಇರುವುದು ಬಹುಪಾಲು ಜರ್ಮನ್‌ನಲ್ಲಿ. ನಮ್ಮ ಊರಿನ ಚರಿತ್ರೆಯ ಒಂದು ದೊಡ್ಡ ಪಾಲನ್ನು ಇನ್ನೊಬ್ಬರ ಅನುವಾದ ನಂಬಿಕೊಂಡು ಓದುವುದು ನನಗೆ ಸರಿಬರಲಿಲ್ಲ. ಆ ಪತ್ರಗಳನ್ನು ಬರೆದವರಲ್ಲಿ ಅನೇಕರು ದಕ್ಷಿಣ ಜರ್ಮನಿಯವರು. ಹಾಗಾಗಿ ಕಲಿಯುವುದಾದರೆ ಆ ಸೀಮೆಯಲ್ಲೇ ಕಲಿಯೋಣ ಅನ್ನಿಸಿತು.

ಕೋರ್ಸ್ ಯಾವಾಗ? ಅರ್ಜಿ ಯಾವಾಗ ಹಾಕಬೇಕು?

ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಪರದೇಶದ ವಿದ್ಯಾರ್ಥಿಗಳಿಗಾಗಿ ಆಗಸ್ಟ್‌ನಲ್ಲಿ ಜರ್ಮನ್ ಭಾಷೆ ಮತ್ತು ಸಂಸ್ಕೃತಿಯ ಬೇಸಿಗೆ ಕೋರ್ಸ್ ನಡೆಸುತ್ತದೆ. ಅವರ ಬೇಸಿಗೆ ಎಂದರೆ ನಮ್ಮ ಆಟಿ, ಸೋಣ ತಿಂಗಳು. ಇಲ್ಲಿ ಜಡಿಮಳೆ, ಅಲ್ಲಿ ಬಿಸಿಲು. ನಮ್ಮ ಕಾಲೇಜುಗಳಿಗೆ ಆಗ ರಜೆ ಇರುವುದಿಲ್ಲ. ವಿಭಾಗದ ಮುಖ್ಯಸ್ಥರ ಬಳಿ ಮೊದಲೇ ಮಾತಾಡಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ. ಹಾಜರಿ ಕಡಿಮೆಯಾಗಿ ಪರೀಕ್ಷೆಗೆ ಕೂರಿಸುವುದಿಲ್ಲ ಎನ್ನುವ ಮಾತು ಬಂದರೆ ಆ ಕಾಗದವೇ ದಿಕ್ಕು.

ಜರ್ಮನ್ ಸರ್ಕಾರದ ಹಣದಿಂದ ನಡೆಯುವ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಾಡ್ (DAAD) ಇಂಥ ಬೇಸಿಗೆ ಕೋರ್ಸುಗಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಅದರ ಕಚೇರಿ ದೆಹಲಿಯಲ್ಲಿದೆ. ಅದಕ್ಕೆ ಅರ್ಜಿ ಹಾಕುವವರು ಹಿಂದಿನ ವರ್ಷದ ದೀಪಾವಳಿ ಹೊತ್ತಿಗೇ ಕಾಗದಪತ್ರ ಹೊಂದಿಸಿಕೊಂಡಿರಬೇಕು. ಏಪ್ರಿಲ್‌ನಲ್ಲಿ ನೆನಪು ಮಾಡಿಕೊಂಡು ಫೋನ್ ಮಾಡುವವರಿಗೆ ನಾನು ಹೇಳಬಹುದಾದದ್ದು, ಮುಂದಿನ ವರ್ಷಕ್ಕೆ ಈಗಲೇ ತಯಾರಾಗಿ ಎಂದಷ್ಟೇ.

ವೀಸಾ ಯಾವುದು? ಎಷ್ಟು ದಿನ ಮೊದಲು?

ಕೋರ್ಸ್ 90 ದಿನದೊಳಗೆ ಮುಗಿಯುವುದಾದರೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಅಲ್ಪಾವಧಿಯ ವೀಸಾ ಸಾಕು. ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು ಎನ್ನುವುದು ಅದರ ಲೆಕ್ಕ. ಹೊರಡುವ ಆರು ತಿಂಗಳ ಮೊದಲಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. 2024ರ ಜೂನ್‌ನಿಂದ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ಆರೋಗ್ಯ ವಿಮೆ ಕಡ್ಡಾಯ. ಈ ವೀಸಾದಲ್ಲಿ ಅಲ್ಲಿ ಕೆಲಸ ಮಾಡಿ ದುಡಿಯುವಂತಿಲ್ಲ. ಪಾರ್ಟ್ ಟೈಮ್ ಕೆಲಸದ ಲೆಕ್ಕ ಹಾಕಿಕೊಂಡು ಹೊರಡಬೇಡಿ.

ಒಂದು ಎಚ್ಚರಿಕೆ. ನನ್ನ ವಿಮೆಯ ಕಾಗದದಲ್ಲಿ ಏಜೆಂಟರು ವಾಪಸಾಗುವ ದಿನವನ್ನು ಒಂದು ದಿನ ಮುಂಚೆ ಹಾಕಿಬಿಟ್ಟಿದ್ದರು. ವೀಸಾ ಕೌಂಟರಿನಲ್ಲಿ ಅದನ್ನು ಕಂಡು ವಾಪಸ್ ಕಳಿಸಿದರು. ಮತ್ತೆ ಅಪಾಯಿಂಟ್‌ಮೆಂಟ್ ಸಿಗಲು ಹನ್ನೊಂದು ದಿನ ಕಾಯಬೇಕಾಯಿತು, ಅಷ್ಟೂ ದಿನ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಏಜೆಂಟರು ಕೊಟ್ಟ ಪ್ರತಿ ಕಾಗದವನ್ನೂ ನೀವೇ ಬೆರಳಿಟ್ಟು ಓದಿ.

ಖರ್ಚು ಎಷ್ಟು ಬರುತ್ತದೆ?

ಮೊತ್ತ ಹೇಳಿದರೆ ತಪ್ಪಾಗುತ್ತದೆ. ವಿಮಾನದ ಟಿಕೆಟ್ಟು, ರೂಮು ಇವೆರಡೂ ಪ್ರತಿಯೊಬ್ಬರಿಗೂ ಬೇರೆ. ಒಂದು ಯೂರೋ ಎಂದರೆ ನೂರು ರೂಪಾಯಿ ಎಂದುಕೊಂಡು ಮನಸ್ಸಿನಲ್ಲಿ ಲೆಕ್ಕ ಹಾಕಿ. ಹೋಟೆಲಿನಲ್ಲಿ ತಿಂದರೆ ಕೈ ಸುಡುತ್ತದೆ, ಅಡುಗೆ ಮಾಡಿಕೊಂಡರೆ ಹಗುರ. ಓಡಾಟಕ್ಕೆ ಜರ್ಮನಿಯಿಡೀ ನಡೆಯುವ ತಿಂಗಳ ಪಾಸ್ ಇದೆ, ಡಾಯ್ಚ್‌ಲಾಂಡ್ ಟಿಕೆಟ್ ಎಂದು. 2023ರಲ್ಲಿ 49 ಯೂರೋ ಇದ್ದದ್ದು 2026ರ ಜನವರಿಯಿಂದ 63 ಆಗಿದೆ. ಊರಿನ ಟ್ರಾಮ್, ಬಸ್ಸು, ಪ್ರಾದೇಶಿಕ ರೈಲುಗಳಲ್ಲಿ ನಡೆಯುತ್ತದೆ, ಐಸಿಇ ಥರದ ವೇಗದ ರೈಲಿಗೆ ನಡೆಯುವುದಿಲ್ಲ. ಅದು ಚಂದಾ ರೂಪದ ಪಾಸು. ಆ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಕಟ್ಟಾಗುತ್ತದೆ. ನೀವಾಗ ಊರಿಗೆ ಬಂದಿರುತ್ತೀರಿ!

ಒಮ್ಮೆ ಮಾತ್ರ ಬಳಸುವ ಪ್ಲಾಸ್ಟಿಕ್ ಬಾಟಲಿ, ಪಾನೀಯದ ಡಬ್ಬಿಗಳ ಮೇಲೆ 25 ಸೆಂಟ್ ಠೇವಣಿ ಇರುತ್ತದೆ. ಸೂಪರ್‌ಮಾರ್ಕೆಟಿನ ಯಂತ್ರಕ್ಕೆ ಖಾಲಿ ಬಾಟಲಿ ಕೊಟ್ಟರೆ ಚೀಟಿ ಬರುತ್ತದೆ, ಬಿಲ್ಲಿನಲ್ಲಿ ಕಳೆಯುತ್ತಾರೆ. ಕುಡಿಯಲು ನಲ್ಲಿ ನೀರೇ ಸಾಕು, ಒಳ್ಳೆಯ ನೀರು.

ವಿಮಾನ ಇಳಿದ ಮೇಲೆ ಊರು ತಲುಪುವುದು ಹೇಗೆ?

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಅಡಿಯಲ್ಲೇ ರೈಲು ನಿಲ್ದಾಣ. ಮ್ಯಾನ್‌ಹೈಮ್‌ನಲ್ಲಿ ರೈಲು ಬದಲಿಸಿದರೆ ಒಟ್ಟು ಒಂದು ಗಂಟೆಯ ದಾರಿ. ಹೈಡೆಲ್‌ಬರ್ಗ್‌ನಲ್ಲಿ ಇಳಿದ ತಕ್ಷಣ ಎದುರಿಗೆ ಕೋಟೆ ಕಾಣುತ್ತದೆ ಎಂದುಕೊಂಡಿದ್ದೆ. ಕಂಡದ್ದು ಟ್ರಾಮ್ ಹಳಿ, ಗಾಜಿನ ಕಟ್ಟಡಗಳು. 1955ರಲ್ಲಿ ನಿಲ್ದಾಣವನ್ನು ಹಳೆಯ ಊರಿನಿಂದ ಪಶ್ಚಿಮಕ್ಕೆ ಸರಿಸಿದ್ದಾರೆ. ಅಲ್ಲಿಂದ ಟ್ರಾಮ್ ಅಥವಾ ಬಸ್ಸು ಹಿಡಿದು ಬಿಸ್ಮಾರ್ಕ್ ಚೌಕಕ್ಕೆ ಬನ್ನಿ. ಹಾಪ್ಟ್‌ಸ್ಟ್ರಾಸೆ ಎಂಬ ಮುಖ್ಯ ಬೀದಿ ಅಲ್ಲಿಂದ ಶುರು. ವಾಹನಗಳಿಲ್ಲದ ಆ ಬೀದಿ ಒಂದೂವರೆ ಕಿಲೋಮೀಟರಿಗೂ ಉದ್ದ.

ಚಕ್ರದ ಸೂಟ್‌ಕೇಸು ಹಾಸುಗಲ್ಲಿನ ಮೇಲೆ ಓಡುವುದಿಲ್ಲ. ಬೆನ್ನಿಗೆ ಹಾಕುವ ಚೀಲವೇ ಒಳ್ಳೆಯದು.

ಇರುವುದು ಎಲ್ಲಿ?

ಕೋರ್ಸಿನವರ ಮೂಲಕ ವಿದ್ಯಾರ್ಥಿನಿಲಯ ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಬೇಸಿಗೆ ರಜೆಗೆ ಊರಿಗೆ ಹೋದ ವಿದ್ಯಾರ್ಥಿಗಳ ರೂಮು ಬಾಡಿಗೆಗೆ ಸಿಗುವುದೂ ಉಂಟು. ಆದರೆ ರೂಮು ನೋಡುವ ಮುಂಚೆಯೇ ಮುಂಗಡ ಕಳಿಸಿ ಎನ್ನುವವರಿಗೆ ಒಂದು ಕಾಸೂ ಕಳಿಸಬೇಡಿ.

ರಾತ್ರಿ ಹತ್ತರ ನಂತರ ಗಲಾಟೆ ಮಾಡುವಂತಿಲ್ಲ. ಭಾನುವಾರ ಇಡೀ ದಿನ ಅದೇ ನಿಯಮ. ಅಂಗಡಿಗಳೂ ಮುಚ್ಚಿರುತ್ತವೆ, ಶನಿವಾರವೇ ಹಾಲು ತರಕಾರಿ ತಂದಿಟ್ಟುಕೊಳ್ಳಿ. ಕಸವನ್ನು ಕಾಗದ, ಪ್ಲಾಸ್ಟಿಕ್, ಅಡುಗೆಮನೆ ಕಸ, ಉಳಿದದ್ದು ಎಂದು ಬೇರೆ ಮಾಡಬೇಕು. ಬಹಳ ವಿದ್ಯಾರ್ಥಿನಿಲಯಗಳಲ್ಲಿ ಜಗಳ ಶುರುವಾಗುವುದು ಅಲ್ಲಿಂದಲೇ.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡುವುದು?

ಅಮ್ಮಂದಿರ ಮೊದಲ ಪ್ರಶ್ನೆ ಇದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ವಿದ್ಯಾರ್ಥಿಗಳ ಊಟದ ಮನೆಗೆ ಮೆನ್ಸಾ ಎನ್ನುತ್ತಾರೆ. ಹಳೆಯ ಊರಿನ ಮೆನ್ಸಾ ಇರುವುದು ಮಾರ್ಷ್ಟಾಲ್ ಎಂಬ, ನದಿಯ ಪಕ್ಕದ ಹಳೇ ಕಲ್ಲಿನ ಕಟ್ಟಡದಲ್ಲಿ. ಅಲ್ಲಿ ಸಸ್ಯಾಹಾರ ಸಿಗುತ್ತದೆ, ಬೆಲೆಯೂ ವಿದ್ಯಾರ್ಥಿಗಳಿಗೆ ಹೊಂದುವಂಥದ್ದು. ಹೊರಗಡೆ ತಿನ್ನುವಾಗ ಮಾತ್ರ ಕೇಳಿ ತಿನ್ನಿ. ತರಕಾರಿ ಸೂಪ್ ಎಂದಿದ್ದರೂ ಒಳಗೆ ಹಂದಿಮಾಂಸದ ಸಣ್ಣ ತುಂಡು ಇರಬಹುದು. ಮೌಲ್‌ಟಾಶೆನ್ ಎಂಬ ಕಡುಬಿನಂಥ ತಿಂಡಿಯ ಹೂರಣ ಸಾಮಾನ್ಯವಾಗಿ ಮಾಂಸದ್ದು. "ಓನೆ ಫ್ಲೈಶ್, ಓನೆ ಷ್ಪೆಕ್" ಎಂದು ಬಾಯಿಪಾಠ ಮಾಡಿಕೊಳ್ಳಿ. ಮಾಂಸ ಬೇಡ, ಹಂದಿಕೊಬ್ಬು ಬೇಡ ಎಂದರ್ಥ. ಕೇಜ಼ೆ-ಷ್ಪೆಟ್ಸ್‌ಲೆ ಎನ್ನುವ, ಚೀಸ್ ಹಾಕಿದ ದಪ್ಪ ಶಾವಿಗೆಯಂಥ ತಿನಿಸು ಹೊಟ್ಟೆ ತುಂಬಿಸುತ್ತದೆ. ಆದರೆ ಅದರಲ್ಲಿ ಮೊಟ್ಟೆ ಇರುತ್ತದೆ. ಆಗಸ್ಟ್‌ನಲ್ಲಿ ಬೇಕರಿಗಳಲ್ಲಿ ಪ್ಲಮ್ ಹಣ್ಣಿನ ಕೇಕು ಬರುತ್ತದೆ. ಅದನ್ನು ಮಾತ್ರ ಬಿಡಬೇಡಿ.

ಇನ್ನು ಮನೆ ಅಡುಗೆ. ಉಪ್ಪಿಟ್ಟಿಗೆ ರವೆ ಹುಡುಕಿಕೊಂಡು ಏಷ್ಯನ್ ಅಂಗಡಿಗೆ ಹೋಗಬೇಕಿಲ್ಲ. ಯಾವುದೇ ಸೂಪರ್‌ಮಾರ್ಕೆಟಿನಲ್ಲಿ "ಗ್ರೀಸ್" ಎಂದು ಕೇಳಿ, ಅದು ರವೆಯೇ. "ಹಾರ್ಟ್‌ವೈತ್ಸೆನ್" ಎಂದು ಬರೆದ ಪೊಟ್ಟಣ ಗಟ್ಟಿ ಗೋಧಿಯದು, ಉಪ್ಪಿಟ್ಟು ಉದುರುದುರಾಗಿ ಬರುತ್ತದೆ. "ಮಿಲ್ಶ್‌ರೈಸ್" ಎಂದು ಪಾಯಸದಂಥ ಸಿಹಿಗೆ ಅವರು ಬಳಸುವ ಗುಂಡು ಅಕ್ಕಿ ಇದೆ. ಅದನ್ನು ಮೆತ್ತಗೆ ಬೇಯಿಸಿ ಮೊಸರು ಕಲಸಿದರೆ ಚಂದದ ಮೊಸರನ್ನವಾಗುತ್ತದೆ. ಕೊತ್ತಂಬರಿ ಸೊಪ್ಪು ಟರ್ಕಿಯವರ ಅಂಗಡಿಯಲ್ಲಿ ಸಿಗುತ್ತದೆ. ಊರಿನಿಂದ ತರಬೇಕಾದದ್ದು ಇಂಗು, ಸಾರಿನ ಪುಡಿ, ಉಪ್ಪಿನಕಾಯಿ, ಒಂದು ಸಣ್ಣ ಒಗ್ಗರಣೆ ಸೌಟು. ಹಾಲು, ತುಪ್ಪ, ಹಾಲಿನ ಸಿಹಿತಿಂಡಿಗಳನ್ನು ಯುರೋಪಿನ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಅಜ್ಜಿ ಎಷ್ಟೇ ಪ್ರೀತಿಯಿಂದ ಕಟ್ಟಿಕೊಟ್ಟರೂ ಪೇಡೆ ಮನೆಯಲ್ಲೇ ಇರಲಿ.

ಒಗ್ಗರಣೆ ಹಾಕುವಾಗ ಕಿಟಕಿ ತೆರೆದಿಡಿ, ರೂಮಿನ ಬಾಗಿಲು ಮುಚ್ಚಿ. ಮಲಗುವ ಕೋಣೆಗಳಲ್ಲೂ ಓಣಿಯಲ್ಲೂ ಹೊಗೆ ಪತ್ತೆ ಮಾಡುವ ಯಂತ್ರ ಕಡ್ಡಾಯವಾಗಿ ಇರುತ್ತದೆ, ಒಣಮೆಣಸಿನ ಘಾಟಿಗೂ ಅದು ಕೂಗಬಹುದು.

ಕನ್ನಡದವರಿಗೆ ಜರ್ಮನ್ ಕಲಿಯುವುದು ತುಂಬಾ ಕಷ್ಟವೇ?

ಇಂಗ್ಲಿಷಿನ ಮೂಲಕ ಕಲಿತರೆ ಕಷ್ಟ. ಕನ್ನಡದ ಮೂಲಕ ಕಲಿತರೆ ಎಷ್ಟೋ ಕಡೆ ಸಲೀಸು. ಇದು ನನಗೆ ಗೊತ್ತಾದದ್ದು ಎರಡನೇ ವಾರದಲ್ಲಿ. ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ.

ಅವತ್ತು ಪಾಠದಲ್ಲಿ "ಮಿಯರ್ ಇಸ್ಟ್ ಕಾಲ್ಟ್" ಎಂಬ ವಾಕ್ಯ ಬಂತು. ಅಮೆರಿಕದಿಂದ ಬಂದ ಹುಡುಗ, ಬ್ರೆಜಿಲ್‌ನ ಹುಡುಗಿ ಇಬ್ಬರೂ ತಲೆ ಕೆರೆದುಕೊಂಡರು. "ನಾನು" ಎಂದಿರಬೇಕಾದ ಜಾಗದಲ್ಲಿ "ನನಗೆ" ಯಾಕೆ ಬಂತು? ನನಗೆ ಅದರಲ್ಲಿ ತೊಡಕೇ ಕಾಣಲಿಲ್ಲ. "ನನಗೆ ಚಳಿ." ಅಷ್ಟೇ ತಾನೇ! ನನಗೆ ಇಷ್ಟ, ನನಗೆ ನೋವು, ನನಗೆ ಬೇಸರ ಎಂದು ನಾವು ದಿನಾ ಚತುರ್ಥಿ ವಿಭಕ್ತಿಯಲ್ಲೇ ಬದುಕುತ್ತೇವೆ. ಅವರು ಡಾಟಿವ್ ಎನ್ನುವುದು ನಮ್ಮ "ಗೆ, ಕ್ಕೆ" ಪ್ರತ್ಯಯದ ಕೆಲಸ. ಏಳು ವಿಭಕ್ತಿ ಬಾಯಿಪಾಠ ಮಾಡಿದವರಿಗೆ ಅವರ ನಾಲ್ಕು ಏನು ಹೆಚ್ಚು?

ಇನ್ನೊಂದು, ಕ್ರಿಯಾಪದದ ಜಾಗ. ಉಪವಾಕ್ಯಗಳಲ್ಲಿ ಜರ್ಮನ್ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದೆ. "ಎರ್ ಮೋರ್ಗೆನ್ ಕೊಮ್ಟ್" ಎಂದರೆ ಪದಕ್ಕೆ ಪದ "ಅವನು ನಾಳೆ ಬರುತ್ತಾನೆ". ವಾಕ್ಯ ಮುಗಿಯುವ ತನಕ ಕ್ರಿಯೆಗಾಗಿ ಕಾಯುವ ಅಭ್ಯಾಸ ನಮಗೆ ಹುಟ್ಟಿನಿಂದಲೇ ಇದೆ. ನೀನು, ನೀವು ಎಂಬ ವ್ಯತ್ಯಾಸವೂ ಅಲ್ಲಿದೆ. ಮೇಷ್ಟ್ರಿಗೆ, ಅಂಗಡಿಯವರಿಗೆ "ಜ಼ೀ", ಗೆಳೆಯರಿಗೆ "ಡು". ಯಾರಿಗೆ ಯಾವುದು ಎಂದು ಯಾರೂ ನಮಗೆ ಕಲಿಸಬೇಕಿಲ್ಲ. ಉದ್ದುದ್ದ ಸಮಾಸ ಪದಗಳಿಗೂ ಹೆದರಬೇಡಿ. ಹಳಗನ್ನಡದ ಪದ್ಯ ಬಿಡಿಸಿದ ಹಾಗೆ ಕೊನೆಯಿಂದ ಬಿಡಿಸುತ್ತಾ ಬನ್ನಿ.

ನಿಜವಾಗಿ ಕಾಡುವುದು ಲಿಂಗ. ಕನ್ನಡದಲ್ಲಿ ಅರ್ಥ ನೋಡಿ ಲಿಂಗ ಹೇಳುತ್ತೇವೆ, ಅಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ನಪುಂಸಕ. ಇದಕ್ಕೆ ಉರು ಹೊಡೆಯುವುದೇ ದಾರಿ. ಸಂಖ್ಯೆಗಳೂ ತಿರುವುಮುರುವು, ಇಪ್ಪತ್ತೊಂದನ್ನು "ಒಂದು ಮತ್ತು ಇಪ್ಪತ್ತು" ಎನ್ನುತ್ತಾರೆ. ಫೋನ್ ನಂಬರ್ ಬರೆದುಕೊಳ್ಳುವಾಗ ಹುಷಾರು.

ತರಗತಿ ಹೇಗಿರುತ್ತದೆ?

ಮೊದಲ ದಿನ ಪರೀಕ್ಷೆ ಮಾಡಿ ಹಂತ ಗೊತ್ತುಮಾಡುತ್ತಾರೆ. ಬೆಳಿಗ್ಗೆ ಭಾಷೆ, ಮಧ್ಯಾಹ್ನದ ಮೇಲೆ ಉಪನ್ಯಾಸ, ಸುತ್ತಾಟ. ಸೆಮಿಸ್ಟರಿನ ಪಾಠಗಳಿಗೆ ಅಲ್ಲಿ ಒಂದು ಹಳೆಯ ಪದ್ಧತಿ ಇದೆ. ವೇಳಾಪಟ್ಟಿಯಲ್ಲಿ ಹತ್ತು ಗಂಟೆ ಎಂದಿದ್ದು ಪಕ್ಕದಲ್ಲಿ "ಸಿ.ಟಿ." ಎಂಬ ಎರಡಕ್ಷರ ಇದ್ದರೆ ಪಾಠ ಶುರುವಾಗುವುದು ಹತ್ತೂಕಾಲಿಗೆ. ಉಪನ್ಯಾಸ ಮುಗಿದಾಗ ಚಪ್ಪಾಳೆಯಿಲ್ಲ, ಎಲ್ಲರೂ ಬೆರಳಗಂಟಿನಿಂದ ಡೆಸ್ಕು ಕುಟ್ಟುತ್ತಾರೆ. ಮೊದಲ ಸಲ ಕೇಳಿದಾಗ ಮಾಡಿನ ಮೇಲೆ ಮಳೆ ಬಿದ್ದ ಹಾಗಿತ್ತು. ನನಗೆ ಊರು ನೆನಪಾಗಿ ಕಣ್ಣು ತುಂಬಿ ಬಂತು.

ತಪ್ಪಾದರೂ ಬಾಯಿ ಬಿಡಿ. ನಮ್ಮಲ್ಲಿ ಪರೀಕ್ಷೆಯಲ್ಲಿ ಮುಂದಿರುವವರು ಅಲ್ಲಿ ಮಾತಿನಲ್ಲಿ ಹಿಂದೆ ಬೀಳುವುದನ್ನು ಕಂಡಿದ್ದೇನೆ. ತಪ್ಪಾಗಿ ಮಾತಾಡಬಾರದು ಎಂಬ ಸಂಕೋಚ ನಮ್ಮಲ್ಲಿ ಅಷ್ಟು ಆಳವಾಗಿ ಇಳಿದಿದೆ.

ಊರಿನಲ್ಲಿ ನೋಡಲೇಬೇಕಾದದ್ದು ಏನು?

ವಿಶ್ವವಿದ್ಯಾಲಯ 1386ರದ್ದು, ಇವತ್ತಿನ ಜರ್ಮನಿಯಲ್ಲಿ ಅದೇ ಅತ್ಯಂತ ಹಳೆಯದು. ನಮ್ಮಲ್ಲಿ ಎರಡನೇ ಹರಿಹರರಾಯ ವಿಜಯನಗರ ಆಳುತ್ತಿದ್ದ ಕಾಲದ ಹೊತ್ತಿಗೆ ಅಲ್ಲಿ ಪಾಠ ಶುರುವಾಗಿದೆ ಎಂದುಕೊಂಡರೆ ಆ ಇಸವಿ ಮನಸ್ಸಿಗೆ ಹತ್ತಿರವಾಗುತ್ತದೆ. ಅಲ್ಲಿನ ವಿದ್ಯಾರ್ಥಿಗಳ ಜೈಲು ನೋಡಿ. ರಾತ್ರಿ ಗದ್ದಲ ಮಾಡಿದವರನ್ನು, ಹೊಡೆದಾಡಿದವರನ್ನು ವಿಶ್ವವಿದ್ಯಾಲಯವೇ ಹಿಡಿದು ಕೂಡಿಹಾಕುತ್ತಿತ್ತು, 1914ರವರೆಗೂ. ಒಳಗಿದ್ದವರು ಗೋಡೆ, ಮಾಳಿಗೆ ಒಂದನ್ನೂ ಬಿಡದೆ ತಮ್ಮ ಚಿತ್ರ, ಹೆಸರು ಬರೆದಿದ್ದಾರೆ.

ಗ್ರಂಥಾಲಯದ ಕಥೆ ದೊಡ್ಡದು. ಪಾಲಟೀನಾ ಎಂದು ಹೆಸರಾಗಿದ್ದ ಇಲ್ಲಿನ ಪುಸ್ತಕ ಭಂಡಾರವನ್ನು ಮೂವತ್ತು ವರ್ಷಗಳ ಯುದ್ಧದಲ್ಲಿ ಗೆದ್ದವರು ಪೋಪರಿಗೆ ಕಾಣಿಕೆಯಾಗಿ ರೋಮಿಗೆ ಸಾಗಿಸಿಬಿಟ್ಟರು. ಊರು ಸೋತದ್ದು 1622ರಲ್ಲಿ. 1816ರಲ್ಲಿ 847 ಜರ್ಮನ್ ಹಸ್ತಪ್ರತಿಗಳು ಹಿಂದಿರುಗಿದವು. ಉಳಿದವುಗಳಲ್ಲಿ ಬಹುಪಾಲು ಇನ್ನೂ ವ್ಯಾಟಿಕನ್‌ನಲ್ಲಿವೆ. ಕಾದು ಕಾದು ಒಂದಿಷ್ಟಾದರೂ ವಾಪಸ್ ಪಡೆದ ಊರು ಇದು. ನಮ್ಮ ತಾಳೆಗರಿಗಳು ಎಲ್ಲೆಲ್ಲಿ ಹೋಗಿ ಸೇರಿವೆ ಎಂದು ಯೋಚಿಸುವವರು ಈ ಗ್ರಂಥಾಲಯದಲ್ಲಿ ಅರ್ಧ ದಿನ ಕಳೆಯಬೇಕು.

ಸಂಜೆಗೆ ಹಳೆಯ ಸೇತುವೆ. ಈಗಿನ ಕಲ್ಲಿನ ಸೇತುವೆ 1788ರದ್ದು. 1945ರ ಮಾರ್ಚಿನಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯವೇ ಅದರ ಕಮಾನುಗಳನ್ನು ಸಿಡಿಸಿತು. ಎರಡು ವರ್ಷದಲ್ಲಿ ಮತ್ತೆ ಕಟ್ಟಿದರು. ಸೇತುವೆ ದಾಟಿ ಹಾವಿನಂತೆ ಸುತ್ತುವ ಮೆಟ್ಟಿಲ ದಾರಿ ಹತ್ತಿದರೆ ತತ್ತ್ವಜ್ಞಾನಿಗಳ ದಾರಿ ಎನ್ನುವ ಕಾಲುಹಾದಿ. ಆಗಸ್ಟ್ ಮೊದಲ ವಾರ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ. ಕೆಂಪು ಕಲ್ಲಿನ ಕೋಟೆ, ಕೆಳಗೆ ಹೆಂಚಿನ ಮಾಡುಗಳು, ನಡುವೆ ನದಿ. ನಾನು ಹನ್ನೆರಡೋ ಹದಿಮೂರೋ ಸಂಜೆ ಅಲ್ಲಿ ಕೂತಿದ್ದೇನೆ.

ಕೋಟೆ ಪಾಳು ಬಿದ್ದಿದೆಯಂತೆ. ಸರಿಪಡಿಸಿಲ್ಲ ಯಾಕೆ?

1689ರಲ್ಲಿ ಒಮ್ಮೆ, 1693ರಲ್ಲಿ ಮತ್ತೊಮ್ಮೆ ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಸೈನ್ಯ ಅದನ್ನು ಒಡೆಯಿತು. 1764ರಲ್ಲಿ ಸಿಡಿಲು ಬಡಿಯಿತು. ಆಮೇಲೆ ಊರಿನವರೇ ಕಲ್ಲು ಕಿತ್ತು ಮನೆ ಕಟ್ಟಿಕೊಳ್ಳತೊಡಗಿದರು. ಅದನ್ನು ತಡೆದು, ಪ್ರತಿ ಗೋಡೆಯ ಚಿತ್ರ ಬರೆಸಿ ಕಾಪಾಡಿದವರಲ್ಲಿ ಮುಖ್ಯರು 1810ರಲ್ಲಿ ಇಲ್ಲಿಗೆ ಬಂದ ಷಾರ್ಲ್ ದ ಗ್ರೈಂಬೆರ್ಗ್. ಅವರು ಫ್ರೆಂಚರು! ಒಡೆದ ನಾಡಿನವರೇ ಬಂದು ಉಳಿಸಿದ್ದು ನನ್ನ ಮನಸ್ಸಿನಲ್ಲಿ ಹಾಗೇ ನಿಂತಿದೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಇಡೀ ಕೋಟೆಯನ್ನು ಹೊಸದಾಗಿ ಕಟ್ಟಬೇಕೇ ಎಂಬ ದೊಡ್ಡ ವಾದ ನಡೆಯಿತು. ಫ್ರೀಡ್ರಿಶ್ ಎಂಬ ಭಾಗವನ್ನು ಮಾತ್ರ ಪೂರ್ಣ ಸರಿಪಡಿಸಿದ್ದರು. ಉಳಿದದ್ದನ್ನು ಇದ್ದ ಹಾಗೇ ಕಾಪಾಡಿ, ಹೊಸದಾಗಿ ಕಟ್ಟಬೇಡಿ ಎಂದು ಕಲಾ ಇತಿಹಾಸಕಾರ ಗೇಯೋರ್ಗ್ ಡೇಹಿಯೋ ಗಟ್ಟಿಯಾಗಿ ಹೇಳಿದರು. ಅವರ ಮಾತು ಗೆದ್ದಿತು. ಹಂಪಿಯಲ್ಲಿ, ಬಾದಾಮಿಯಲ್ಲಿ ಕೆಲಸ ಮಾಡಬೇಕೆಂದಿರುವ ನನ್ನ ವಾರಿಗೆಯವರು ಆ ಎರಡೂ ಭಾಗಗಳನ್ನು ಅಕ್ಕಪಕ್ಕ ನಿಂತು ನೋಡಬೇಕು. ಡೇಹಿಯೋ ಹೇಳಿದ್ದು ಸರಿ ಎನ್ನುವುದು ನನ್ನ ಅಭಿಪ್ರಾಯ.

ಬೇಸಿಗೆಯಲ್ಲಿ ಮೂರು ಸಲ, ಜೂನ್, ಜುಲೈ, ಸೆಪ್ಟೆಂಬರ್‌ನಲ್ಲಿ, ಕೋಟೆ ಹಾಳಾದದ್ದರ ನೆನಪಿಗೆ ಅದಕ್ಕೆ ಕೆಂಪು ಬೆಳಕು ಹಾಕಿ ಬಾಣಬಿರುಸು ಬಿಡುತ್ತಾರೆ. ಆಗಸ್ಟ್ ಕೋರ್ಸಿನವರಿಗೆ ಅದು ತಪ್ಪಿಹೋಗುತ್ತದೆ. ನಾನೂ ನೋಡಿಲ್ಲ.

ನಾಜಿ ಕಾಲದ ಗುರುತುಗಳು ಇವೆಯೇ?

ಇವೆ, ನೋಡದೆ ಬರಬಾರದು. ವಿಶ್ವವಿದ್ಯಾಲಯದ ಚೌಕದಲ್ಲಿ 1933ರ ಮೇ 17ರಂದು ಪುಸ್ತಕಗಳನ್ನು ಸುಟ್ಟರು. ಅದೇ ಚೌಕದ ಹೊಸ ಕಟ್ಟಡದ ಬಾಗಿಲ ಮೇಲೆ "ಜೀವಂತ ಚೇತನಕ್ಕೆ" ಎಂದು ಕೆತ್ತಿದ ಮಾತಿದೆ. ನಾಜಿಗಳು ಅದನ್ನು ತೆಗೆದು "ಜರ್ಮನ್ ಚೇತನಕ್ಕೆ" ಎಂದು ಹಾಕಿದರು. ಯುದ್ಧ ಮುಗಿದ ಮೇಲೆ ಮೊದಲಿನದೇ ಮರಳಿ ಬಂತು. ಒಂದು ಪದ ಬದಲಾದರೆ ಒಂದು ವಿಶ್ವವಿದ್ಯಾಲಯ ಏನಾಗುತ್ತದೆ ಎಂದು ನಮ್ಮ ಶಿಕ್ಷಕಿ ಕೇಳಿದಾಗ ತರಗತಿಯಲ್ಲಿ ಯಾರೂ ಮಾತಾಡಲಿಲ್ಲ. ಯೆಹೂದಿ ಪ್ರಾಧ್ಯಾಪಕರನ್ನು ಹೊರಹಾಕಿದ ವಿಶ್ವವಿದ್ಯಾಲಯವೂ ಇದೇ. ಬೀದಿಯಲ್ಲಿ ನಡೆಯುವಾಗ ಕೆಲವು ಮನೆಗಳ ಮುಂದೆ ನೆಲದಲ್ಲಿ ಅಂಗೈ ಅಗಲದ ಹಿತ್ತಾಳೆಯ ಚೌಕ ಕಾಣುತ್ತದೆ. ಆ ಮನೆಯಿಂದ ನಾಜಿಗಳು ಎಳೆದೊಯ್ದ ಜನರ ಹೆಸರು ಅದರ ಮೇಲಿರುತ್ತದೆ. ಓದಬೇಕಾದರೆ ತಲೆ ಬಗ್ಗಿಸಲೇಬೇಕು.

ಶನಿವಾರ ಭಾನುವಾರ ಪ್ಯಾರಿಸ್, ಪ್ರಾಗ್, ಸ್ವಿಟ್ಜರ್ಲೆಂಡ್ ಎಲ್ಲ ಮುಗಿಸಬಹುದಲ್ಲ?

ಮುಗಿಸಬಹುದು. ಬೇಡ ಎನ್ನುತ್ತೇನೆ. ನನ್ನ ಜೊತೆಗಿದ್ದ ಕೆಲವರು ಪ್ರತಿ ಶುಕ್ರವಾರ ರಾತ್ರಿ ಬಸ್ಸು ಹತ್ತಿ ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುತ್ತಿದ್ದರು. ಅವರ ಫೋನಿನಲ್ಲಿ ಆರು ದೇಶದ ಫೋಟೋಗಳಿವೆ. ಹೈಡೆಲ್‌ಬರ್ಗ್‌ನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ. ನಾನು ಊರಲ್ಲೇ ಉಳಿದೆ. ಮೂರನೇ ಶನಿವಾರದ ಹೊತ್ತಿಗೆ ಮಾರುಕಟ್ಟೆಯಲ್ಲಿ ಹಣ್ಣು ಮಾರುವ ಅಜ್ಜಿ ನನ್ನನ್ನು ನೋಡಿದ ಕೂಡಲೇ ಪ್ಲಮ್ ತೂಗಲು ಶುರು ಮಾಡುತ್ತಿದ್ದರು. ಅವರು ಆಡುತ್ತಿದ್ದದ್ದು ಪಾಠದ ಜರ್ಮನ್ ಅಲ್ಲ, ಆ ಸೀಮೆಯ ಆಡುಮಾತು. ಅದನ್ನು ಅರ್ಥ ಮಾಡಿಕೊಂಡ ದಿನ ನಾನು ಪಟ್ಟ ಖುಷಿ ಯಾವ ಗೋಪುರ ಹತ್ತಿದರೂ ಸಿಗುತ್ತಿರಲಿಲ್ಲ. ಭಾಷೆ ಕಲಿಯಲು ಹೋದವರಿಗೆ ಒಂದೇ ಬೀದಿಯಲ್ಲಿ ಇಪ್ಪತ್ತು ಸಲ ನಡೆಯುವಷ್ಟು ಬಿಡುವು ಬೇಕು.

ಅಷ್ಟಕ್ಕೂ ಹೋಗಲೇಬೇಕೆಂದರೆ ಹತ್ತಿರದಲ್ಲೇ ಷ್ಪೈಯರ್ ಇದೆ. ಅಲ್ಲಿನ ಸಾವಿರ ವರ್ಷದ ಕೆಥೆಡ್ರಲ್ ಯುನೆಸ್ಕೊ ಪಟ್ಟಿಯಲ್ಲಿದೆ. ಷ್ವೆಟ್ಸಿಂಗೆನ್ ಅರಮನೆಯ ತೋಟದಲ್ಲಿ ಹದಿನೆಂಟನೇ ಶತಮಾನದ ಒಂದು ಮಸೀದಿ ಕಟ್ಟಡವಿದೆ. ತೋಟದ ಶೋಭೆಗೆಂದೇ ಕಟ್ಟಿಸಿದ್ದು. ಎರಡೂ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ದೂರ.

ನಮ್ಮ ದೇಶದವರು ಮೊದಲು ಯಾರಾದರೂ ಹೀಗೆ ಹೋಗಿದ್ದರೇ? ಕನ್ನಡಕ್ಕೂ ಆ ಊರಿಗೂ ಏನಾದರೂ ನಂಟು?

1907ರ ಬೇಸಿಗೆಯಲ್ಲಿ ಕವಿ ಮುಹಮ್ಮದ್ ಇಕ್ಬಾಲ್ ಇಲ್ಲಿಗೆ ಜರ್ಮನ್ ಕಲಿಯಲೆಂದೇ ಬಂದಿದ್ದರು. ಎಮ್ಮಾ ವೇಗೆನಾಸ್ಟ್ ಎಂಬ ಯುವತಿ ಅವರಿಗೆ ಪಾಠ ಹೇಳಿದರು. ನೆಕ್ಕಾರ್ ದಂಡೆಯ ಸಂಜೆಯ ಮೇಲೆ ಅವರು ಉರ್ದುವಿನಲ್ಲಿ ಒಂದು ಕವಿತೆ ಬರೆದಿದ್ದಾರೆ. ನದಿಯ ಪಕ್ಕದ ಒಂದು ರಸ್ತೆಗೆ ಈಗ ಅವರ ಹೆಸರಿದೆ.

ಕನ್ನಡದ ನಂಟು ಇರುವುದು ಊರಿಗಿಂತ ಹೆಚ್ಚಾಗಿ ನದಿಗೆ. ಈ ಸಂಗತಿ ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಭೂಪಟದಲ್ಲಿ ನೆಕ್ಕಾರ್ ನದಿಯನ್ನು ಹಿಡಿದು ಮೇಲಕ್ಕೆ ಹೋಗಿ. ಎಸ್ಲಿಂಗೆನ್ ಬರುತ್ತದೆ. 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು ಅಲ್ಲಿ, 1881ರಲ್ಲಿ. ಇನ್ನೂ ಮೇಲಕ್ಕೆ ಹೋದರೆ ಟ್ಯೂಬಿಂಗೆನ್. ಮೋಗ್ಲಿಂಗ್ ಓದಿದ ಊರು ಅದು. 1894ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ಕಣ್ಣುಮುಚ್ಚಿದ್ದೂ ಅದೇ ಊರಿನಲ್ಲಿ. ಕನ್ನಡದ ಮೊದಲ ಪತ್ರಿಕೆಯವರೂ ನಿಘಂಟಿನವರೂ ಕೊನೆಗಾಲದಲ್ಲಿ ನೋಡುತ್ತಿದ್ದ ನೀರೇ ಹರಿದು ಹೈಡೆಲ್‌ಬರ್ಗ್‌ನ ಸೇತುವೆಯ ಕೆಳಗೆ ಹೋಗುತ್ತದೆ. ನಾನು ಊರು ಬಿಟ್ಟು ಹೊರಟದ್ದು ಒಂದೇ ಒಂದು ದಿನ. ಟ್ಯೂಬಿಂಗೆನ್‌ಗೆ ಹೋಗಿ ನದಿಯ ಕಟ್ಟೆಯ ಮೇಲೆ ಕೂತು, ಕಿಟೆಲ್ ನಿಘಂಟಿನಲ್ಲಿ "ನೀರು" ಎಂಬ ಪದ ತೆಗೆದು ಫೋನಿನಲ್ಲೇ ಓದಿಕೊಂಡೆ.

ಹುಡುಗಿ ಒಬ್ಬಳೇ ಹೋದರೆ ಭಯವಿಲ್ಲವೇ?

ರಾತ್ರಿ ಹನ್ನೊಂದಕ್ಕೆ ಒಬ್ಬಳೇ ನಡೆದು ಬಂದಿದ್ದೇನೆ, ಏನೂ ಆಗಲಿಲ್ಲ. ಜನಸಂದಣಿಯಲ್ಲಿ ಚೀಲ ಮುಂದೆ ಹಾಕಿಕೊಳ್ಳಿ. ತುರ್ತು ನಂಬರ್ 112. ಒಮ್ಮೆ ಬಸ್ಸಿನಲ್ಲಿ ಒಬ್ಬ ನನ್ನ ಬಣ್ಣದ ಬಗ್ಗೆ ಕೆಟ್ಟ ಮಾತಾಡಿದ. ಪಕ್ಕದಲ್ಲಿದ್ದ ಹೆಂಗಸು ಎದ್ದು ನಿಂತು ಅವನಿಗೆ ಬೈದು, ನಾನು ಇಳಿಯುವವರೆಗೆ ನನ್ನ ಜೊತೆಯಲ್ಲೇ ಕೂತರು. ಎರಡನ್ನೂ ಹೇಳುವುದು ನ್ಯಾಯ.

ಬಟ್ಟೆ, ಔಷಧ, ಪ್ಲಗ್ಗು?

ಹತ್ತಿ ಬಟ್ಟೆ, ಒಂದು ಮಳೆ ಜಾಕೆಟ್ಟು, ಒಂದು ತೆಳು ಸ್ವೆಟರ್. ಜರ್ಮನಿಯಲ್ಲೇ ಸೆಕೆ ಹೆಚ್ಚಿರುವ ಸೀಮೆ ಇದು, ಮನೆಗಳಲ್ಲಿ ಫ್ಯಾನು ಇರುವುದಿಲ್ಲ. ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನು ವೈದ್ಯರ ಚೀಟಿಯ ಜೊತೆ ಒಯ್ಯಿರಿ. ನಮ್ಮ ಎರಡು ಕಡ್ಡಿಯ ತೆಳು ಪ್ಲಗ್ಗು ಅಲ್ಲಿ ನಡೆಯುತ್ತದೆ, ಮೂರು ಕಡ್ಡಿಯದಕ್ಕೆ ಅಡಾಪ್ಟರ್ ಬೇಕು.

ಮನೆ ನೆನಪಾದರೆ?

ಆಗುತ್ತದೆ. ನನಗೆ ಹೆಚ್ಚು ಆದದ್ದು ಎರಡನೇ ವಾರ, ಹೊಸತನ ಕಳೆದ ಮೇಲೆ. ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಅವರ ಸಂಜೆ ಆರು ಎಂದರೆ ಮನೆಯಲ್ಲಿ ರಾತ್ರಿ ಒಂಬತ್ತೂವರೆ, ಊಟ ಮುಗಿಸಿ ಎಲ್ಲರೂ ಸಿಗುವ ಹೊತ್ತು. ದಿನಾ ಒಂದೇ ಸಮಯಕ್ಕೆ ಫೋನ್ ಮಾಡಿ, ಹತ್ತು ನಿಮಿಷ ಸಾಕು. ಗಂಟೆಗಟ್ಟಲೆ ಮಾತಾಡಿದರೆ ಮನಸ್ಸು ಅಲ್ಲಿಯೂ ಇರುವುದಿಲ್ಲ, ಇಲ್ಲಿಯೂ ಇರುವುದಿಲ್ಲ. ಅಪ್ಪ ಅಮ್ಮಂದಿರಿಗೂ ಒಂದು ಮಾತು: ಊಟ ಆಯಿತಾ ಎಂದು ಕೇಳಿದ ಮೇಲೆ ಇವತ್ತು ಯಾವ ಹೊಸ ಪದ ಕಲಿತೆ ಎಂದೂ ಕೇಳಿ. ನನ್ನ ಅಮ್ಮ ಕೇಳುತ್ತಿದ್ದರು. ಅವರಿಗೇ ಈಗ ಮೂವತ್ತು ಪದ ಬರುತ್ತದೆ.

ವಾಪಸ್ ಬಂದ ಮೇಲೆ ಕಲಿತದ್ದು ಮರೆತುಹೋಗುವುದಿಲ್ಲವೇ?

ಬಿಟ್ಟರೆ ಮೂರು ತಿಂಗಳಲ್ಲಿ ಮರೆಯುತ್ತದೆ. ನಾನು ಕೋರ್ಸಿನ ಇಬ್ಬರು ಗೆಳತಿಯರ ಜೊತೆ ಪ್ರತಿ ಭಾನುವಾರ ಫೋನಿನಲ್ಲಿ ಒಂದು ಪುಟ ಓದುತ್ತೇನೆ. ಒಬ್ಬಳು ಪೋಲೆಂಡಿನವಳು, ಇನ್ನೊಬ್ಬಳು ಕೈರೋದವಳು, ಮೂವರಿಗೂ ಇರುವ ಒಂದೇ ಸೇತುವೆ ಜರ್ಮನ್.

ಮಿಷನ್ ಪತ್ರಗಳ ಬಗ್ಗೆ ಕೇಳುವವರಿಗೆ: ಭಾಷೆ ಬಂದರೆ ಸಾಲದು. ಹತ್ತೊಂಬತ್ತನೇ ಶತಮಾನದವರು ಬರೆಯುತ್ತಿದ್ದದ್ದು ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿ. ಅದರ "e" ಅಕ್ಷರ ನೋಡಲು "n" ಥರ ಇರುತ್ತದೆ, ಇವತ್ತಿನ ಜರ್ಮನರಿಗೇ ಓದಲು ಬರುವುದಿಲ್ಲ. ಅಕ್ಷರಮಾಲೆಯ ಹಾಳೆಯನ್ನು ಮೇಜಿನ ಎದುರಿನ ಗೋಡೆಗೆ ಅಂಟಿಸಿಕೊಂಡು, ಒಂದನೇ ಕ್ಲಾಸಿನ ಮಕ್ಕಳ ಹಾಗೆ ಕಾಪಿ ಬರೆದು ಕಲಿಯಬೇಕು. ಊರಿಗೆ ಬಂದ ಹೊಸತರಲ್ಲಿ ಒಂದು ಪುಟಕ್ಕೆ ನನಗೆ ಒಂದು ವಾರ ಬೇಕಾಗಿತ್ತು. ಈಗ ಎರಡು ಸಂಜೆ ಸಾಕು.